ಇಪ್ಪತ್ತು ಎಣಿಸುವಷ್ಟು

ಈ ಡಬ್ಬಿಗೆ ಗೊತ್ತಿರುವುದು ಎರಡೇ ಕೆಲಸ:
ಒಮ್ಮೆ ಕಣ್ಣು ಮಿಟುಕಿಸುವುದು, ಇಲ್ಲವೇ
ಒತ್ತಿ ಹಿಡಿದಷ್ಟು ಹೊತ್ತು ತೆರೆದೇ ಇರುವುದು.
ಎರಡನೆಯದಕ್ಕೆ ಮೈಮೇಲೆ ‘ಬಿ’ ಅಂತ ಒಂದು ಅಕ್ಷರ,
ಅರ್ಧ ಸವೆದಿದೆ.

ಶಿವಾಜಿನಗರದ ಇನಾಯತ್ ಭಾಯಿ
ಮುಚ್ಚಳದ ಸಂದಿಗೆ ಕಪ್ಪು ಉಣ್ಣೆದಾರ ಅಂಟಿಸಿ
ಬೆಳಕು ಸೋರದ ಹಾಗೆ ಮಾಡಿಕೊಟ್ಟು ಹೇಳಿದ್ದರು:
“ಕತ್ತಲಲ್ಲಿ ಫಿಲ್ಮಿಗೆ ಹಸಿವು ಮಂದ ಸಾರ್.
ಲೆಕ್ಕ ಎಂಟು ಅಂತ ಬಂದರೆ ಇಪ್ಪತ್ತು ಎಣಿಸಿ.
ನಿಧಾನಕ್ಕೆ ಉಣಿಸಿ.”

ಮೂವತ್ತೊಂದು ವರ್ಷ ಕೆಇಬಿ ಮೀಟರು ಓದಿದವನು ನಾನು.
ಬೆಳಕನ್ನು ಯೂನಿಟ್ಟಿನಲ್ಲಿ ಬರೆದುಕೊಂಡು
ಮೆಟ್ಟಿಲ ಕೆಳಗಿನ ಜೇಡರಬಲೆಗಳಿಗೆ ತಲೆ ಕೊಟ್ಟವನು.
ಬಿಲ್ಲಿಲ್ಲದ ಬೆಳಕಿನ ಲೆಕ್ಕ
ನಿವೃತ್ತಿಯ ಮೇಲೆ ಕಲಿಯುತ್ತಿದ್ದೇನೆ.

ಸ್ಟ್ಯಾಂಡಿಲ್ಲ. ಹಳೇ ದಿಂಬಿನ ಗವಸಿನಲ್ಲಿ
ಎರಡು ಸೇರು ರಾಗಿ ತುಂಬಿ ಬಾಯಿ ಹೊಲಿದಿದ್ದೇನೆ.
ಕಾವಿಗೆ ಕೂತ ಕೋಳಿಯ ಹಾಗೆ
ಕ್ಯಾಮೆರಾ ಅದರ ಮೇಲೆ ಕೂರುತ್ತದೆ, ಅಲ್ಲಾಡುವುದಿಲ್ಲ.
ಅಲ್ಲಾಡುವವನು ನಾನು.

ಮಿನರ್ವ ಸರ್ಕಲ್ಲು. ಡಿಸೆಂಬರಿನ ಐದೂವರೆ.
ಮುಚ್ಚಿದ ಬ್ಯಾಂಕಿನ ಮೋಟುಗೋಡೆ.
ಒತ್ತಿದೆ.
ಒಂದು, ಎರಡು, ಮೂರಕ್ಕೆ ಸೊಪ್ಪಿನ ಟೆಂಪೊ,
ಏಳಕ್ಕೆ ಎಲ್ಲೋ ಹಾಲಿನ ಕ್ರೇಟು ಎತ್ತಿಹಾಕಿದ ಸದ್ದು,
ಹನ್ನೊಂದರ ಹತ್ತಿರ ಕೆಮ್ಮು ಬಂತು, ನುಂಗಿದೆ,
ಆಮೇಲಿನದು ಹನ್ನೆರಡೋ ಹದಿಮೂರೋ
ತಿಳಿಯದೆ ಹನ್ನೆರಡೇ ಅಂದುಕೊಂಡೆ.

ಬಚ್ಚಲಿನ ಬಲ್ಬು ಬಿಚ್ಚಿ, ಬಾಗಿಲ ಕೆಳಗೆ ಟವೆಲು ತುರುಕಿ
ತೊಳೆದದ್ದಾಯಿತು.
ನೆಗೆಟಿವಿನಲ್ಲಿ ರಾತ್ರಿ ಸುಣ್ಣ ಬಳಿದ ಹಾಗೆ,
ಬೀದಿದೀಪಗಳು ಕರೀ ತೂತು.
ಕಾಗದಕ್ಕೆ ಬಂದಾಗ ಎಲ್ಲ ನೆಟ್ಟಗಾಯಿತು:
ಅಂಗಡಿ ಶಟರಿನ ಒಂದೊಂದು ಅಕ್ಷರ,
ಟೆಂಪೊ ಇಲ್ಲದ ಟೆಂಪೊದ ದೀಪ, ಉದ್ದಕ್ಕೆ ಒಂದು ಗೆರೆ,
ಕಂಬದ ಬುಡದಲ್ಲಿ ಮಲಗಿದ ನಾಯಿ, ಅದರ ಹರಿದ ಕಿವಿ.
ಜನ ಇಲ್ಲ.

ಇದ್ದರು, ಒಬ್ಬರು. ನಾನೇ ನೋಡಿದ್ದೆ.
ಇಪ್ಪತ್ತೂ ಎಣಿಕೆಗೆ ಆ ತುದಿಯಿಂದ ಈ ತುದಿಗೆ
ಪೆಂಚಲಮ್ಮ ಗುಡಿಸುತ್ತಿದ್ದರು.
ಚಿತ್ರದಲ್ಲಿ ಚರಂಡಿಯ ಅಂಚಿಗೆ
ಪೊರಕೆಯಷ್ಟೇ ಅಗಲದ ಒಂದು ಮಬ್ಬು,
ಅಷ್ಟೆ.

ಮಾರನೆ ವಾರ ತೋರಿಸಿದೆ.
ಕೈ ಸೀರೆಗೆ ಒರೆಸಿ, ದೀಪದ ಕಡೆ ವಾಲಿಸಿ,
“ನಾಯಿ ಬಂದೈತೆ. ನಾನೆಲ್ಲಿ?”
“ನೀವು ಒಂದು ಕಡೆ ನಿಲ್ಲಲಿಲ್ಲವಲ್ಲ, ಅದಕ್ಕೆ.”
“ಹದಿನಾಲ್ಕು ವರ್ಷದಿಂದ ಇಲ್ಲೇ ಇದೀನಿ ಸಾರ್.
ಆ ನಾಯಿ ಬಂದು ಮೂರು ತಿಂಗಳಾಯ್ತು.”

ಏನು ಹೇಳಲಿ.
ರಾಗಿಚೀಲ ತಟ್ಟಿ ಸರಿಮಾಡಿದೆ.
“ಎಷ್ಟೊತ್ತು ನಿಲ್ಲಬೇಕು?”
“ಇಪ್ಪತ್ತು ಎಣಿಸುವಷ್ಟು.”
“ಹಂಗಾದ್ರೆ ನಾನೇ ಎಣಿಸ್ತೀನಿ.”

ಒಕಟಿ. ರೆಂಡು. ಮೂಡು.
ನನಗಿಂತ ನಿಧಾನ ಅವರ ಎಣಿಕೆ,
ಪ್ರತಿ ಸಂಖ್ಯೆಯನ್ನೂ ಕೆಳಗಿಟ್ಟು ಮುಂದಿನದು ಎತ್ತಿಕೊಳ್ಳುವ ಹಾಗೆ.
ತೊಮ್ಮಿದಿಗೆ ಬನಶಂಕರಿ ಬಸ್ಸು ತಿರುಗಿತು,
ದೀಪ ಅವರ ಬೆನ್ನ ಮೇಲೆ ಹಾದು ಹೋಯಿತು.
ಕದಲಲಿಲ್ಲ.
ಇರವೈ ಅಂದರು. “ಆಯ್ತಾ?”
ನನ್ನ ಬೆರಳು ಇನ್ನೂ ಒತ್ತಿಕೊಂಡೇ ಇತ್ತು.

ಬಂದಿದೆ ಈ ಸಲ. ಪಾದ ಎಷ್ಟು ಸ್ಪಷ್ಟವೆಂದರೆ
ಚಪ್ಪಲಿಗೆ ಹಾಕಿದ ತಂತಿಯ ಹೊಲಿಗೆಯೂ ಕಾಣುತ್ತದೆ.
ಹಸಿರು ಕೋಟು, ಕೊರಳ ಕಾರ್ಡು, ಎರಡು ಕಣ್ಣು.
ಬಾಯಿ ಮಾತ್ರ ಹೊಗೆ.
ಎಣಿಸುತ್ತಿದ್ದರಲ್ಲ.

ಅಂಗೈಯಗಲದ ಚಿತ್ರ.
ಬಹಳ ಹೊತ್ತು ನೋಡಿದರು. “ನಾಯಿ ಎಲ್ಲಿ?”
“ಮಧ್ಯದಲ್ಲಿ ಎದ್ದು ಹೋಯಿತು.”
ಹೂಂ ಅಂದು, ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ
ಹಿಂಬದಿಗೆ ಅದನ್ನು ತೂರಿಸಿ
ಪೊರಕೆ ಎತ್ತಿಕೊಂಡರು.

“ಸ್ವಲ್ಪ ಆ ಕಡೆ ಸರೀರಿ ಸಾರ್,
ಆವಾಗಿಂದ ಒಂದೇ ಕಡೆ ನಿಂತಿದೀರ,
ಕಾಲ ಕೆಳಗೆ ಎಲ್ಲಾ ಹೊಂಗೆ ಎಲೆ.”